ಕೂಲಿಮಠದಿಂದ ನಲಿ-ಕಲಿಯವರೆಗೆ: ಮಕ್ಕಳೇ ಮಕ್ಕಳಿಗೆ ಕಲಿಸಿದ ಕಥೆ

ಸರ್ಕಾರಿ ಶಾಲೆಗಳು ಬರುವ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದುದು ಕೂಲಿಮಠಗಳು. ಗಾವಟಿ ಶಾಲೆ, ಐಗಳ ಮಠ ಎಂಬ ಹೆಸರುಗಳೂ ಇದ್ದವು. ಗುಡಿಯ ಜಗಲಿ, ಊರ ಚಾವಡಿ ಅಥವಾ ಯಾರದೋ ಮನೆಯ ಪಡಸಾಲೆಯೇ ಪಾಠದ ಜಾಗ. ಐಗಳು, ಅಂದರೆ ಕಲಿಸುವ ಗುರು, ಒಬ್ಬರು; ಮಕ್ಕಳು ಹಲವರು, ಅವರ ವಯಸ್ಸು ಬೇರೆ, ಕಲಿಕೆಯ ಹಂತವೂ ಬೇರೆ. ಎಲ್ಲರನ್ನೂ ಒಬ್ಬರೇ ನೋಡಿಕೊಳ್ಳುವುದು ಆಗದ ಮಾತು. ಹೀಗಾಗಿ ಬಲ್ಲ ಹುಡುಗ ಬಾರದವನಿಗೆ ಹೇಳಿಕೊಡುವುದು ಆ ಶಾಲೆಯ ಮುಖ್ಯ ಬೋಧನಾ ಕ್ರಮವೇ ಆಯಿತು.

ಈ ಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯದು ಒಂದು. 1623ರಲ್ಲಿ ಆತ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ. ಘಟ್ಟದ ಮೇಲಿನ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಹತ್ತಿರದಲ್ಲಿ ಗುರುವಿರಲಿಲ್ಲ. ಒಬ್ಬ ಪಾಠದ ಒಂದು ತುಣುಕನ್ನು ರಾಗವಾಗಿ ಹೇಳಿ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿಂದ ಬರೆಯುತ್ತಿದ್ದ. ಉಳಿದವರು ಅದನ್ನೇ ಹಾಡಿ ಬರೆಯುತ್ತಿದ್ದರು. ನೆಲ ತುಂಬಿದರೆ ಕೈಯಿಂದ ಅಳಿಸಿ ಮತ್ತೆ ಆರಂಭ. ಓದು ಬರಹವನ್ನೂ ಹೀಗೆಯೇ ಕಲಿಯುತ್ತೇವೆ ಎಂದು ಹುಡುಗರು ತಿಳಿಸಿದರು. ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದಾಗ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಕೂಡಿ ಕಲಿಯುವುದೇ ಅದಕ್ಕಾಗಿ ಎಂಬ ಉತ್ತರ ಬಂತು.

ಇದಾಗಿ 200 ವರ್ಷಗಳ ಮೇಲೆ ಇನ್ನಷ್ಟು ವಿವರವಾದ ವರದಿಯೊಂದು ಸಿದ್ಧವಾಯಿತು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಶಾಲೆಗಳ ಲೆಕ್ಕ ಕೇಳಿದ್ದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳಿಸಿದ. ಅನಂತಪುರದ ಸೀಮೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226; ಉಳಿದವು ಮರಾಠಿ, ಸಂಸ್ಕೃತ, ಪಾರಸಿ ಮುಂತಾದ ಭಾಷೆಗಳವು.

ಕ್ಯಾಂಪ್‌ಬೆಲ್ ಕೊಡುವ ಚಿತ್ರದಂತೆ ಶಾಲೆ ಬೆಳಿಗ್ಗೆ ಆರಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಎಲ್ಲರೂ ಸೇರಿದ ಮೇಲೆ ಕಲಿಕೆಯ ಮಟ್ಟ ನೋಡಿ ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಮೇಲಿನ ಗುಂಪುಗಳು ಐಗಳ ಕಣ್ಣಳತೆಯಲ್ಲಿ. ಕೆಳಗಿನವು ಬಹುಮಟ್ಟಿಗೆ ಕಲಿಕೆಯಲ್ಲಿ ಮುಂದಿದ್ದ ಹುಡುಗರ ಕೈಯಲ್ಲಿ. ಅಕ್ಷರಾಭ್ಯಾಸ ಮರಳಿನಲ್ಲಿ ಬೆರಳಿಂದ. ಕೈ ಕುದುರಿದ ಮೇಲೆ ಹಲಿಗೆ ಅಥವಾ ಕಡತ. ಹಲಿಗೆಗೆ ಅನ್ನ ಮತ್ತು ಇದ್ದಿಲ ಪುಡಿಯ ಲೇಪ. ಕಡತವೆಂದರೆ ಗಂಜಿ ಹಾಕಿ ಮಡಿಸಿದ ಬಟ್ಟೆಗೆ ಇದ್ದಿಲು, ಅಂಟು ಬಳಿದದ್ದು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಸಿದ್ಧ. ಅಕ್ಷರ, ಒತ್ತಕ್ಷರಗಳು ಮುಗಿದರೆ ಊರು, ಜನ, ಪ್ರಾಣಿಗಳ ಹೆಸರು ಬರೆಯುವುದು. ಶಾಲೆ ಬಿಡುವ ಮುನ್ನ ಮುಂದಿದ್ದ ಹುಡುಗನೊಬ್ಬ ಮಗ್ಗಿ ಹೇಳಿದರೆ ಉಳಿದವರೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದರು. ಕಡಿಮೆ ಖರ್ಚಿನ ಈ ಬರವಣಿಗೆಯನ್ನೂ, ಮುಂದಿದ್ದವರು ಹಿಂದಿದ್ದವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ರೀತಿಯನ್ನೂ ಕ್ಯಾಂಪ್‌ಬೆಲ್ ಮೆಚ್ಚಿದ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದ.

ಕೊರತೆಗಳನ್ನೂ ಅವನು ಮರೆಮಾಚಲಿಲ್ಲ. ಓದಿಗಿದ್ದ ಪುಸ್ತಕಗಳು ಹಳೆಯ ಕಾವ್ಯಭಾಷೆಯವು. ಮಕ್ಕಳು ಅವನ್ನು ಅರ್ಥವರಿಯದೆ ಬಾಯಿಪಾಠ ಮಾಡುತ್ತಿದ್ದರು, ಎಷ್ಟೋ ಸಲ ಕಲಿಸುವವರಿಗೂ ಅರ್ಥ ತಿಳಿದಿರುತ್ತಿರಲಿಲ್ಲ. ಮಕ್ಕಳ ಒಡನಾಟ ಅಕ್ಷರ ತಿದ್ದಲು, ಮಗ್ಗಿ ಒಪ್ಪಿಸಲು ಒದಗಿತೇ ಹೊರತು ಓದಿದ್ದರ ಬಗ್ಗೆ ಮಾತಾಡಲು ಒದಗಲಿಲ್ಲ. ಆ ಒಡನಾಟಕ್ಕೂ ಎಲ್ಲರಿಗೆ ಪ್ರವೇಶವಿರಲಿಲ್ಲ: ಅಷ್ಟೂ ಶಾಲೆಗಳ ಹಿಂದೂ ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಾತ್ರ.

ಇಂಗ್ಲೆಂಡ್‌ಗೆ ಹೋದ ಪದ್ಧತಿಯ ದಾರಿ ಮದ್ರಾಸಿನ ಮೂಲಕ ಸಾಗಿತ್ತು. ಅಲ್ಲಿನ ಎಗ್ಮೋರಿನಲ್ಲಿ 1789ರಲ್ಲಿ ಆರಂಭವಾದ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಮೇಲ್ವಿಚಾರಕ. ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿ ಜಾರಿಗೆ ತರಲು ಹೊರಟ. ಉಪಾಧ್ಯಾಯರಿಂದ ಅದು ಆಗದಿದ್ದಾಗ ಎಂಟು ವರ್ಷದ ಹುಡುಗನೊಬ್ಬನಿಗೆ ಆ ಕೆಲಸ ವಹಿಸಿದ. ಹುಡುಗ ಅದನ್ನು ಸಾಧಿಸಿದ. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ಪುಸ್ತಕ ಪ್ರಕಟಿಸಿದ. ಜೋಸೆಫ್ ಲ್ಯಾಂಕಾಸ್ಟರ್ ಎಂಬುವನೂ ಅದೇ ಕಾಲಕ್ಕೆ ಇಂಥದೇ ಶಾಲೆ ನಡೆಸಿದ. ಬಡಮಕ್ಕಳಿಗಾಗಿ ಇಂಥ ಶಾಲೆಗಳು ಅಲ್ಲಿ ಹಬ್ಬಿದವು. ಆದರೆ ಒಬ್ಬ ಮೇಷ್ಟ್ರ ಕೈಕೆಳಗೆ ನೂರಾರು ಮಕ್ಕಳು ಕೂತಾಗ ಪರಸ್ಪರ ಕಲಿಕೆ ಹೋಗಿ ಕವಾಯತು ಉಳಿಯಿತು. 1846ರಲ್ಲಿ ಇಂಗ್ಲೆಂಡ್ ತರಬೇತಿ ಪಡೆಯುವ ಶಿಷ್ಯ-ಶಿಕ್ಷಕರ ವ್ಯವಸ್ಥೆಗೆ ಹೊರಳಿತು.

ಇತ್ತ ಕೂಲಿಮಠಗಳು ಸೊರಗಿದವು. ಬಳ್ಳಾರಿಯ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಕ್ಯಾಂಪ್‌ಬೆಲ್ ನಾಚಿಕೆಯಿಂದಲೇ ಬರೆದಿದ್ದ. ಜನ ಬಡವಾದಂತೆ ಶಾಲೆಗಳೂ ಮುಚ್ಚುತ್ತಿವೆ ಎಂದಿದ್ದ. ಶಿಕ್ಷಣದ ಬಗೆಗಿನ 1854ರ ವುಡ್ ಆದೇಶಪತ್ರದ ಬಳಿಕ ಶಿಕ್ಷಣ ಇಲಾಖೆಗಳು ಬಂದವು. ಮೈಸೂರಿನಲ್ಲಿ 1868ರಲ್ಲಿ ಶಿಕ್ಷಣಾಧಿಕಾರಿ ಬಿ. ಎಲ್. ರೈಸ್ ಹೋಬಳಿ ಶಾಲೆಗಳ ಯೋಜನೆ ರೂಪಿಸಿದ. ಅಚ್ಚಾದ ಪಠ್ಯ, ತರಗತಿವಾರು ಪಾಠ, ಇನ್‌ಸ್ಪೆಕ್ಟರರ ಪರೀಕ್ಷೆ ರೂಢಿಯಾದವು. ಹೆಚ್ಚು ಮಕ್ಕಳಿಗೆ ಬಾಗಿಲು ತೆರೆಯಿತು, ಅರ್ಥವಾಗುವ ಗದ್ಯ ಕೈಗೆ ಬಂತು. ಆದರೆ ಪಾಠದ ಹೊತ್ತಿನಲ್ಲಿ ಪಕ್ಕದವನೊಡನೆ ಮಾತಾಡುವುದು ತಪ್ಪಾಯಿತು; ಮಾತು ಮೇಷ್ಟ್ರ ಪಾಲಿಗೆ, ಕೇಳುವುದು ಮಕ್ಕಳ ಪಾಲಿಗೆ ಎಂಬ ಹಂಚಿಕೆ ನಿಂತುಬಿಟ್ಟಿತು.

ಈ ಹಂಚಿಕೆಯನ್ನು ಬದಲಿಸಿದ್ದು ನಲಿ-ಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಅದನ್ನು ಕಟ್ಟಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ವೇಗದಲ್ಲಿ ಏರುತ್ತಾರೆ. ಕೆಲವು ಗುಂಪುಗಳಿಗೆ ಶಿಕ್ಷಕರ ಬೆಂಬಲ, ಕೆಲವಕ್ಕೆ ಗೆಳೆಯರ ಬೆಂಬಲ, ಒಂದು ಗುಂಪಿನಲ್ಲಿ ಸ್ವಕಲಿಕೆ. ಅಕ್ಷರಗಳ ಜೊತೆಗೆ ಕಥೆ, ಹಾಡು, ಸಂಭಾಷಣೆಗೂ ಅಲ್ಲಿ ಜಾಗವಿದೆ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು.

ಮಕ್ಕಳು ಒಬ್ಬರಿಗೊಬ್ಬರು ಕಲಿಸುವುದು ಈ ನೆಲಕ್ಕೆ ಹೊಸದಲ್ಲ ಎಂಬುದನ್ನು 1623ರ ಮತ್ತು 1823ರ ದಾಖಲೆಗಳು ತೋರಿಸುತ್ತವೆ. ಅದಷ್ಟೇ ಸಾಲದೆಂಬುದನ್ನೂ ಅವೇ ತೋರಿಸುತ್ತವೆ. ಗುಂಪು ಚಿಕ್ಕದಿದ್ದಾಗ ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದಬಲ್ಲ; ಗುಂಪು ನೂರಾದರೆ, ಇಂಗ್ಲೆಂಡಿನಲ್ಲಿ ಆದಂತೆ, ಕಲಿಕೆ ಕವಾಯತಾಗುತ್ತದೆ, ಅರ್ಥದ ಚರ್ಚೆ ಇಲ್ಲದಿದ್ದರೆ ಬಾಯಿಪಾಠವಾಗುತ್ತದೆ. ಭಾಷಾ ತರಗತಿಯಲ್ಲಿ ಮಕ್ಕಳ ಮಾತಿಗೆ ಬೆಲೆ ಬರುವುದು, ಆಡುವ ಮಾತು ಅವರಿಗೆ ಅರ್ಥವಾದಾಗ ಮತ್ತು ಆಡುವ ಸರದಿ ಪ್ರತಿ ಮಗುವಿಗೂ ಸಿಕ್ಕಾಗ.