ಅಣೆಕಟ್ಟೆ ಅಂದ್ರೆ ಹೆದರಿಕೆ ಯಾಕೆ?

ಅಣೆಕಟ್ಟೆಯನ್ನ ದೇವಸ್ಥಾನಕ್ಕೆ ಹೋಲಿಸುತ್ತಿದ್ದ ಕಾಲವದು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಮುಂದಿನ ತಿಂಗಳೇ ಅವರು ಪ್ರಧಾನಿಯಾದರು. ಬರದ ಸೀಮೆಗೆ ನೀರು ಬಂತು ಅಂತಲೇ ಜನ ನಂಬಿದರು.

ನಂಬಿಕೆ ಸುಳ್ಳಾಗಲಿಲ್ಲ. ಕಾಲುವೆ ಹರಿದ ವಿಜಯಪುರ, ಯಾದಗಿರಿ ಕಡೆ ಹೊಲಗಳು ಹಸಿರಾದವು. ಆದರೆ ನೋಡಿ, ಅಣೆಕಟ್ಟೆಗೆ ಹಿಂಭಾಗವೂ ಇರುತ್ತೆ. ಹಿನ್ನೀರು ಬೀಳಗಿ, ಬಾಗಲಕೋಟೆ ಕಡೆ ಏರಿತು. ಊರು, ಗುಡಿ, ಎರೆ ಹೊಲ ಮುಳುಗಿದವು. ಬಾಗಲಕೋಟೆಯವರಿಗೆ ನವನಗರವನ್ನೇ ಕಟ್ಟಬೇಕಾಯ್ತು.

2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯ್ತು. ಇವತ್ತಲ್ಲ ನಾಳೆ ಮುಳುಗುತ್ತೆ ಅಂತ ಗೊತ್ತಿರೋ ಹೊಲದಲ್ಲಿ ಯಾರು ಸ್ವಾಮಿ ಬಾವಿ ತೋಡ್ತಾರೆ? ಯಾರು ಮನೆ ಕಟ್ತಾರೆ?

ಹಾಗಾದ್ರೆ ಈ ಜನ ತಂತ್ರಜ್ಞಾನದ ವಿರೋಧಿಗಳಾ? ಇದೇ ಕೃಷ್ಣೆಗೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸ್ವಂತ ದುಡ್ಡು, ಸ್ವಂತ ಬೆವರು ಹಾಕಿ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. 1991ರಲ್ಲಿ ರಾಮಕೃಷ್ಣ ಹೆಗಡೆಯಂಥವರನ್ನೇ ಸೋಲಿಸಿ ‘ಬ್ಯಾರೇಜ್ ಸಿದ್ದು’ವನ್ನು ಲೋಕಸಭೆಗೆ ಕಳಿಸಿದರು!

ಕಾಂಕ್ರೀಟು ಎರಡೂ ಕಡೆ ಒಂದೇ. ಅಲ್ಲಿ ದುಡಿದವರಿಗೇ ನೀರು ಸಿಕ್ಕಿತು. ಇಲ್ಲಿ ನೀರು ಒಬ್ಬರಿಗೆ, ಮುಳುಗಡೆ ಇನ್ನೊಬ್ಬರಿಗೆ. ಜನರ ನಂಬಿಕೆ ಬತ್ತಿದ್ದು ಮಾತು ಕೊಟ್ಟವರ ಮೇಲೆ. ಅದಕ್ಕೇ ನಾನು ಹೇಳೋದು: ಗೇಟು ಏರಿಸೋ ಮುಂಚೆ ಪರಿಹಾರದ ಪೂರ್ತಿ ದುಡ್ಡು ರೈತನ ಕೈಗೆ ಬರಲಿ.