ಶಾಲೆಯಲ್ಲಿ ಹಾವಿನ ಕಾರ್ಯಕ್ರಮ ಇಡಬೇಕಾ? ಶುರು ಮಾಡೋ ಮುನ್ನ ಇಷ್ಟು ತಿಳಿದಿರಲಿ

ಮೊಬೈಲ್‌ನಲ್ಲಿ ಇಂಥ ವಿಡಿಯೋ ಬಹಳ ಜನ ನೋಡಿರ್ತಾರೆ. ಹೊರದೇಶದ ಯಾವುದೋ ಶಾಲೆ, ಹೆಬ್ಬಾವನ್ನು ಹೆಗಲಿಗೆ ಹಾಕ್ಕೊಂಡ ಒಬ್ಬರು, ಸುತ್ತ ಕೂತು ಮುಟ್ಟಿ ನೋಡುವ ಮಕ್ಕಳು. ಅಮೆರಿಕ, ಇಂಗ್ಲೆಂಡ್‌ನಲ್ಲಿ ಇದೇ ಒಂದು ಕಸುಬು. ಅಲ್ಲಿ ಹೆಚ್ಚಾಗಿ ತರುವುದು ಸಾಕಣೆಯಲ್ಲೇ ಹುಟ್ಟಿದ ಬಾಲ್ ಪೈಥಾನ್‌ನಂಥ ವಿಷವಿಲ್ಲದ ಹಾವುಗಳನ್ನು. ಅದನ್ನು ನೋಡಿ ನಮ್ಮ ಕಡೆಯೂ ‘ಹಾವು ಹಿಡಿಯೋ ಹುಡುಗನನ್ನೇ ಕರೆಸೋಣ, ಚೀಲದಲ್ಲಿ ಒಂದು ನಾಗರಹಾವು ತಂದು ತೋರಿಸಲಿ’ ಅನ್ನೋ ಮಾತು ಬರುತ್ತೆ. ಅದು ಆಗದ ಕೆಲಸ.

ಕಾನೂನು ಏನು ಹೇಳುತ್ತೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ರಕ್ಷಿತ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ‘ಬೇಟೆ’ಯೇ. ನಾಗರಹಾವು, ಹೆಬ್ಬಾವು, ಉಡ, ನಕ್ಷತ್ರ ಆಮೆ ಎಲ್ಲವೂ ಈ ರಕ್ಷಣೆಯಲ್ಲಿವೆ. ಅನುಸೂಚಿ 1ರ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ ದಂಡ. ಮನೆಗೆ ನುಗ್ಗಿದ ಹಾವನ್ನು ಅರಣ್ಯ ಇಲಾಖೆಗೆ ತಿಳಿಸಿ ಹಿಡಿದು ಬಿಡೋದು ಒಂದು ಮಾತು. ಅದನ್ನೇ ಎರಡು ದಿನ ಡಬ್ಬದಲ್ಲಿಟ್ಟು ವೇದಿಕೆಗೆ ತರೋದು ಬೇರೆ ಮಾತು. ಶಿಕ್ಷಣಕ್ಕೆ ಅಂತ ವಿಶೇಷ ಅನುಮತಿ ಕೊಡಲು ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ನಿಜ. ಆದರೆ ಅದನ್ನು ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು, ಅದೂ ಬರವಣಿಗೆಯಲ್ಲಿ. ಶಾಲಾ ವಾರ್ಷಿಕೋತ್ಸವಕ್ಕೆ ಸಿಗುವ ಅನುಮತಿ ಅದಲ್ಲ.

ಹೊರದೇಶದ ಹಾವು ತಂದ್ರೆ? ಅಲ್ಲೂ ಸಲೀಸಿಲ್ಲ. 2022ರ ತಿದ್ದುಪಡಿ ಬಂದ ಮೇಲೆ ಬಾಲ್ ಪೈಥಾನ್, ಇಗ್ವಾನಾದಂಥ ಪ್ರಾಣಿ ಸಾಕುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಲೇಬೇಕು. ಟಿಕೆಟ್ ಇಟ್ಟು ಪ್ರದರ್ಶಿಸಿದರೆ ಪ್ರದರ್ಶನ ಪ್ರಾಣಿಗಳ ನಿಯಮ, 2001ರ ಕೆಳಗೆ ಬೇರೆ ನೋಂದಣಿ. ಇಷ್ಟೆಲ್ಲಾ ಆದರೂ ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. 5 ವರ್ಷದೊಳಗಿನ ಮಕ್ಕಳಿಗೆ ಅದು ಒಳ್ಳೇದಲ್ಲ.

ಅಂಗಡಿಯವರಿಗೂ ಒಂದು ಮಾತು. ಅದೃಷ್ಟ ಅಂತ ಗಲ್ಲಾಪೆಟ್ಟಿಗೆ ಪಕ್ಕ ನಕ್ಷತ್ರ ಆಮೆ ಇಟ್ಟುಕೊಂಡರೆ ಅದೂ ಇದೇ ಕಾಯ್ದೆಯ ಅಪರಾಧ.

ಹಾಗಾದ್ರೆ ಕಾರ್ಯಕ್ರಮವೇ ಬೇಡವಾ?

ಬೇಕು, ಖಂಡಿತ ಬೇಕು. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿದ್ದೂ ಇದಕ್ಕೇ. ಮಕ್ಕಳಿಗೆ ಬೇಕಿರೋದು ಹೆಡೆ ಎತ್ತಿದ ಹಾವು ನೋಡಿ ಹೋ ಅನ್ನೋದಲ್ಲ. ಹಾವು ಕಂಡರೆ ಏನು ಮಾಡಬೇಕು ಅನ್ನೋದು. ಬರಿಗೈಲಿ ಹಾವು ಹಿಡಿದು ತೋರಿಸಿದರೆ ಮಕ್ಕಳು ಕಲಿಯೋದು ಅದನ್ನೇ, ಬರಿಗೈಲಿ ಹಿಡಿಯೋದನ್ನ.

ಸಾಮಾನು ಜಾಸ್ತಿ ಏನೂ ಬೇಡ. ಒಂದು ಪ್ರೊಜೆಕ್ಟರ್, ನಿಜ ಅಳತೆಯ ಬಣ್ಣದ ಚಿತ್ರಗಳು, ಆಟಿಕೆ ಅಂಗಡಿಯ ರಬ್ಬರ್ ಹಾವು, ಹಗ್ಗದ ತುಂಡುಗಳು. 5 ಮೀಟರ್ ಹಗ್ಗ ಮೈದಾನದಲ್ಲಿ ಹಾಸಿ ‘ಕಾಳಿಂಗ ಇಷ್ಟುದ್ದ ಬೆಳೀಬಹುದು’ ಅನ್ನಿ. ಪಕ್ಕದಲ್ಲಿ ಒಂದೂವರೆ ಅಡಿ ದಾರ ಇಟ್ಟು ‘ಗರಗಸ ಮಂಡಲ ಇಷ್ಟೇ, ಆದ್ರೂ ಪ್ರಾಣ ತೆಗೆಯುತ್ತೆ’ ಅನ್ನಿ. ಯಾವ ಭಾಷಣಕ್ಕಿಂತ ಇದು ಚೆನ್ನಾಗಿ ನೆನಪಿರುತ್ತೆ.

ಮುಖ್ಯ ಪಾಠ ನಾಲ್ಕು ಹಾವಿನದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇಲ್ಲಿನ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ತಯಾರಾಗೋದು ಈ ನಾಲ್ಕರ ವಿಷದಿಂದಲೇ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂತ ಎತ್ತಿ ಕಚ್ಚಿಸಿಕೊಂಡವರಿದ್ದಾರೆ. ಎರಡರ ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿ. ತೋಳಹಾವು, ಕಟ್ಟುಹಾವಿನ ಗೊಂದಲವೂ ಹಾಗೇ. ಕಟ್ಟುಹಾವಿನ ಬಿಳಿ ಪಟ್ಟೆ ಬಾಲದ ಕಡೆ ಸ್ಪಷ್ಟ, ತೋಳಹಾವಿಗೆ ಕತ್ತಿನ ಹತ್ತಿರ ಸ್ಪಷ್ಟ. ದೊಡ್ಡವರೂ ತಪ್ಪುತ್ತಾರೆ, ಹಾಗಾಗಿ ‘ಯಾವ ಹಾವನ್ನೂ ಮುಟ್ಟಬೇಡಿ’ ಅಂತಲೇ ಮುಗಿಸಿ. ಕಟ್ಟುಹಾವು ಕಚ್ಚೋದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ನೋವೂ ಅಷ್ಟಾಗಿ ಇರಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬಿದ್ದರೆ ಅನುಮಾನ ಪಡಬೇಕು. ಸೊಳ್ಳೆಪರದೆ ಕಟ್ಟಿ ಅಂಚನ್ನು ಚಾಪೆ ಕೆಳಗೆ ಸಿಕ್ಕಿಸಿ ಮಲಗೋದು ಇದಕ್ಕೂ ರಕ್ಷಣೆ.

ಪ್ರಥಮ ಚಿಕಿತ್ಸೆಯನ್ನು ಮಕ್ಕಳ ಕೈಲೇ ಮಾಡಿಸಿ. ಕಚ್ಚಿದ ಕೈಕಾಲು ಅಲುಗದಂತೆ ಸ್ಕೇಲು, ಶಾಲು ಇಟ್ಟು ಕಟ್ಟೋದು; ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯೋದು; 108ಕ್ಕೆ ಫೋನ್ ಮಾಡೋದು. ಬಿಗಿಯಾಗಿ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ನಾಟಿ ಔಷಧಿ, ಮಂತ್ರ ಅಂತ ಹೊತ್ತು ಕಳೆಯೋದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಜೀವಂತ ಸರೀಸೃಪ ನೋಡಲೇಬೇಕು ಅಂದ್ರೆ ಶಾಲೆ ಗೋಡೆ ಮೇಲೆ ಹಲ್ಲಿ ಇದೆ, ಬೇಲಿ ಮೇಲೆ ಓತಿಕ್ಯಾತ ಇದೆ. ಹಿಡಿಯದೆ, ಕಲ್ಲು ಹೊಡೆಯದೆ ಅರ್ಧ ಗಂಟೆ ನೋಡಿ ಬರೆಯಲಿ. (ಹಾವುರಾಣಿ ಕಚ್ಚಿದರೆ ಸಾಯ್ತಾರೆ ಅನ್ನೋ ಮಾತು ಸುಳ್ಳು ಅಂತಲೂ ಆಗ ಹೇಳಬಹುದು.) ಪ್ರವಾಸದ ದುಡ್ಡಿದ್ದರೆ ಮೈಸೂರು ಮೃಗಾಲಯ, ಬನ್ನೇರುಘಟ್ಟ, ಮಂಗಳೂರಿನ ಪಿಲಿಕುಳದಲ್ಲಿ ಗಾಜಿನ ಆಚೆ ನಿಜವಾದ ಹಾವುಗಳಿವೆ.

ಮಾತಾಡೋಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ವಲಯ ಅರಣ್ಯ ಕಚೇರಿಯವರನ್ನೂ ಪತ್ರ ಬರೆದು ಕರೆಯಿರಿ. ಹಾವು ಹಿಡಿಯುವ ಹುಡುಗನೂ ಬರಲಿ, ಚೀಲ ಮಾತ್ರ ಮನೆಯಲ್ಲೇ ಇರಲಿ. ಅವನ ಅನುಭವದ ಮಾತೇ ಮಕ್ಕಳಿಗೆ ಸಾಕಷ್ಟು ರೋಚಕ. ದಿನಾಂಕ ನಾಗರಪಂಚಮಿವರೆಗೆ ಕಾಯೋದು ಬೇಡ, ಕಡಿತ ಹೆಚ್ಚೋದು ಮಳೆ ಹಿಡಿದ ಮೇಲೆ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರಗಳಲ್ಲೇ ಇಟ್ಟುಕೊಂಡರೆ ಒಳ್ಳೇದು.