ಅಂತರರಾಷ್ಟ್ರೀಯ ವ್ಯಾಪಾರ ಮಾತುಕತೆಗಳು ಮತ್ತು ಯಾದಗಿರಿ, ಶಹಾಪುರ, ಸುರಪುರ ಭಾಗದ ಬೆಳೆಗಳು

ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗದಲ್ಲಿ ತೊಗರಿ, ಹತ್ತಿ ಮತ್ತು ಭತ್ತ ಪ್ರಮುಖ ಬೆಳೆಗಳಾಗಿರುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟು ಪ್ರದೇಶದಲ್ಲಿ ಭತ್ತ ಮತ್ತು ಹತ್ತಿಯನ್ನು, ಮಳೆಯಾಶ್ರಿತ ಕಪ್ಪು ಭೂಮಿಯಲ್ಲಿ ತೊಗರಿಯನ್ನು ಹೆಚ್ಚಾಗಿ ಬೆಳೆಯಲಾಗುತ್ತದೆ. ಸದರಿ ಬೆಳೆಗಳ ದರವು ಸ್ಥಳೀಯ ಮಾರುಕಟ್ಟೆಯಲ್ಲಿ ಮಾತ್ರವೇ ನಿರ್ಧಾರವಾಗುವುದಿಲ್ಲ.

1995ರಲ್ಲಿ ಅಸ್ತಿತ್ವಕ್ಕೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಿರ್ಣಯಗಳನ್ನು ಸಾಮಾನ್ಯವಾಗಿ ಸಹಮತದಿಂದ ಕೈಗೊಳ್ಳಲಾಗುತ್ತದೆ. ಒಂಟಿ ರಾಷ್ಟ್ರದ ಆಕ್ಷೇಪಣೆಗಿಂತ ಸಮಾನ ಹಿತಾಸಕ್ತಿಯುಳ್ಳ ರಾಷ್ಟ್ರಗಳ ಒಕ್ಕೂಟದ ಆಕ್ಷೇಪಣೆಗೆ ಹೆಚ್ಚು ಬೆಲೆಯಿರುವುದು ಸಹಜವೇ ಆಗಿದೆ. 2003ರಲ್ಲಿ ಮೆಕ್ಸಿಕೋದ ಕಾನ್‌ಕೂನ್ ಸಮ್ಮೇಳನದ ಸಂದರ್ಭದಲ್ಲಿ ಭಾರತ, ಬ್ರೆಜಿಲ್, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದ ರಾಷ್ಟ್ರಗಳು ಒಗ್ಗೂಡಿ ಶ್ರೀಮಂತ ರಾಷ್ಟ್ರಗಳ ಕೃಷಿ ಸಹಾಯಧನವನ್ನು ಪ್ರಶ್ನಿಸಿದವು. ಅದೇ ವರ್ಷ ಬೆನಿನ್, ಬುರ್ಕಿನಾ ಫಾಸೊ, ಮಾಲಿ ಮತ್ತು ಚಾಡ್ ರಾಷ್ಟ್ರಗಳು ಹತ್ತಿಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ಮಂಡಿಸಿದವು. ಇದರ ಫಲವಾಗಿ, ಅಭಿವೃದ್ಧಿ ಹೊಂದಿದ ರಾಷ್ಟ್ರಗಳು ಹತ್ತಿಯ ರಫ್ತು ಸಹಾಯಧನವನ್ನು 2006ರಲ್ಲಿ ರದ್ದುಪಡಿಸಬೇಕೆಂದು 2005ರ ಹಾಂಗ್‌ಕಾಂಗ್ ಸಮ್ಮೇಳನವು ನಿರ್ಣಯಿಸಿತು. ಆದರೆ ಆ ರಾಷ್ಟ್ರಗಳು ತಮ್ಮ ಬೆಳೆಗಾರರಿಗೆ ದೇಶದೊಳಗೆ ನೀಡುವ ನೆರವಿನ ವಿವಾದವು ಇತ್ಯರ್ಥವಾಗಲಿಲ್ಲ. ಶಹಾಪುರದ ಹತ್ತಿ ಬೆಳೆಗಾರನಿಗೆ ಆ ನೆರವು ಪಡೆದ ಹತ್ತಿಯಿಂದಲೂ ಪೈಪೋಟಿ ಬರುತ್ತದೆ.

ಭತ್ತದ ವಿಷಯ ಇನ್ನೂ ಸೂಕ್ಷ್ಮವಾದುದು. ಅಭಿವೃದ್ಧಿಶೀಲ ರಾಷ್ಟ್ರವೊಂದು ಒಂದು ಬೆಳೆಗೆ ನೀಡುವ ಬೆಲೆ ಬೆಂಬಲವು ಆ ಬೆಳೆಯ ಒಟ್ಟು ಉತ್ಪಾದನಾ ಮೌಲ್ಯದ ಶೇ. 10ನ್ನು ಮೀರಬಾರದೆಂಬ ಮಿತಿಯಿದೆ. ಈ ಲೆಕ್ಕಕ್ಕೆ ಆಧಾರ 1986-88ರ ಬೆಲೆ; ಅಷ್ಟು ಹಳೆಯ ಬೆಲೆಯೊಂದಿಗೆ ಇಂದಿನ ಬೆಂಬಲ ಬೆಲೆಯನ್ನು ಹೋಲಿಸಿದರೆ ನೆರವು ವಾಸ್ತವಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಭಾರತವೂ ಸೇರಿರುವ 'ಜಿ-33' ಗುಂಪಿನ ಒತ್ತಾಯದ ಮೇರೆಗೆ 2013ರ ಬಾಲಿ ಸಮ್ಮೇಳನದಲ್ಲಿ, ಆಹಾರ ಭದ್ರತೆಗಾಗಿ ಧಾನ್ಯ ಸಂಗ್ರಹಿಸುವ ಚಾಲ್ತಿ ಯೋಜನೆಗಳ ವಿರುದ್ಧ ದೂರು ದಾಖಲಿಸದಿರಲು ಷರತ್ತುಗಳಿಗೊಳಪಟ್ಟು ಒಪ್ಪಲಾಯಿತು. ಶಾಶ್ವತ ಪರಿಹಾರ ದೊರೆಯುವವರೆಗೆ ಈ ರಕ್ಷಣೆ ಮುಂದುವರಿಯುವುದೆಂದು 2014ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಲಾಯಿತು. 2018-19ನೇ ಸಾಲಿನ ಅಕ್ಕಿಯ ವಿಷಯದಲ್ಲಿ ಭಾರತವು ಇದನ್ನು ಬಳಸಿಕೊಂಡ ಮೊದಲ ರಾಷ್ಟ್ರವಾಯಿತು. 2024ರ ಅಬುಧಾಬಿ ಸಮ್ಮೇಳನದಲ್ಲಿಯೂ ಶಾಶ್ವತ ಪರಿಹಾರ ಸಾಧ್ಯವಾಗಲಿಲ್ಲ. ಈ ರಕ್ಷಣೆಯು ಆಹಾರ ಬೆಳೆಗಳಿಗಷ್ಟೇ ಸೀಮಿತ, ಹತ್ತಿಗೆ ಅನ್ವಯಿಸುವುದಿಲ್ಲ.

ರಾಷ್ಟ್ರಗಳ ನಡುವಿನ ಸಹಕಾರವು ಎಲ್ಲ ಸಂದರ್ಭಗಳಲ್ಲಿಯೂ ಬೆಳೆಗಾರರಿಗೆ ಅನುಕೂಲಕರವೆಂದು ಹೇಳಲಾಗದು. ಬೇಳೆ ಕೊರತೆ ನೀಗಿಸಲು ಭಾರತವು 2016ರಲ್ಲಿ ಮೊಜಾಂಬಿಕ್‌ನೊಂದಿಗೆ ತೊಗರಿ ಮೊದಲಾದ ದ್ವಿದಳ ಧಾನ್ಯಗಳ ಆಮದಿಗೆ ಒಡಂಬಡಿಕೆ ಮಾಡಿಕೊಂಡಿತು. 2021ರಲ್ಲಿ ಮಲಾವಿ ಮತ್ತು ಮ್ಯಾನ್ಮಾರ್‌ಗಳೊಂದಿಗೂ ಒಡಂಬಡಿಕೆಗಳಾದವು. ಇವು ಗ್ರಾಹಕರಿಗೆ ನೆರವಾದರೂ, ಸುಗ್ಗಿಯ ವೇಳೆಗೆ ಆಮದು ದಾಸ್ತಾನು ಹೆಚ್ಚಿದ್ದಲ್ಲಿ ಸುರಪುರದ ರೈತನಿಗೆ ದೊರೆಯುವ ದರ ಕುಸಿಯುವ ಸಂಭವವಿರುತ್ತದೆ. ಅಂತಹ ಸಂದರ್ಭದಲ್ಲಿ ಬೆಂಬಲ ಬೆಲೆಯ ಖರೀದಿಯೇ ಆಸರೆ.

ಬೆಂಬಲ ಬೆಲೆಯಲ್ಲಿ ತೊಗರಿ ಅಥವಾ ಭತ್ತ ಮಾರಾಟ ಮಾಡಲಿಚ್ಛಿಸುವ ರೈತರು 'ಫ್ರೂಟ್ಸ್' ಗುರುತಿನ ಸಂಖ್ಯೆ ಹೊಂದಿರತಕ್ಕದ್ದು. ಬೆಳೆ ಸಮೀಕ್ಷೆಯಲ್ಲಿ ತಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ನೋಂದಣಿಗೆ ಮುನ್ನವೇ ಪರಿಶೀಲಿಸಿಕೊಳ್ಳುವುದು ಸೂಕ್ತ. ಹತ್ತಿಯನ್ನು ಭಾರತೀಯ ಹತ್ತಿ ನಿಗಮವು ಖರೀದಿಸುತ್ತದೆ. ಹೆಚ್ಚಿನ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.